ಕಡವಿನ ಗಂಟು

ಏಡಿ ಮಾಟೆಯಿಂದ ಹೊರಗೆ ಬಂತು,
ಗೂಟದ ಹಿಂದಿನಿಂದ ಒಂದು ಸುತ್ತು,
ಮೇಲೆ ಗರುಡ ಕಂಡಿತೋ,
ಬಂದ ಮಾಟೆಗೇ ಹೊಕ್ಕಿತು.
ಈಗ ಎಳಿ.

ಅಂದುಂಞಿ ಕಲಿಸಿದ್ದು ಹೀಗೆ,
ಶಿರಿಯಾ ಹೊಳೆಯ ಕಡವಿನಲ್ಲಿ,
ನಾನೇ ಜಡೆಯಿಂದ ಬಿಚ್ಚಿ ಕೊಟ್ಟ ಕೆಂಪು ರಿಬ್ಬನ್ನಿನಲ್ಲಿ.
ಐದನೇ ಕ್ಲಾಸಿನ ನಾನು ಮೂರು ಸಲ ಕೆಡಿಸಿದೆ;
ಮೂರು ಸಲವೂ ಏಡಿ ಗೂಟದ ಎದುರಿನಿಂದಲೇ ಹೋಗಿ
ಗರುಡನ ಬಾಯಿಗೆ ಬಿತ್ತು.

ಇದರ ಹೆಸರೇನು ಕಾಕಾ, ಅಂದೆ.
ಹೆಸರಿಲ್ಲ, ಕೆಲಸ ಉಂಟು, ಅಂದ.
ದೋಣಿಯನ್ನು ಬಿಗಿದು ಕಟ್ಟಬಾರದು ಮೋಳೇ,
ಭರತಕ್ಕೆ ಏರಬೇಕು, ಇಳಿತಕ್ಕೆ ಇಳಿಯಬೇಕು,
ಕುಣಿಕೆ ಗೂಟದುದ್ದಕ್ಕೂ ತಾನೇ ಓಡಾಡಬೇಕು.
ಇಲ್ಲದಿದ್ದರೆ ಬೆಳಿಗ್ಗೆ ನೋಡುವಾಗ
ಮೂಗು ಮೇಲೆ ಮಾಡಿ ನೇತಾಡುತ್ತದೆ,
ಕಿವಿ ಹಿಂಡಿಸಿಕೊಂಡ ಹುಡುಗನ ಹಾಗೆ.

ಸೇತುವೆ ಆಯಿತು. ಕಡವು ನಿಂತಿತು.
ಗಂಟು ನನ್ನ ಜೊತೆ ಅಂಗಳಕ್ಕೆ ಬಂತು.

ಆಡಿನ ಕೊರಳಿಗೆ ಇದೇ. ಎಷ್ಟು ಜಗ್ಗಿದರೂ ಬಿಗಿಯುವುದಿಲ್ಲ,
ಕತ್ತಿಗೂ ಹಗ್ಗಕ್ಕೂ ನಡುವೆ ಎರಡು ಬೆರಳು ಉಸಿರು.
ಹಂಚಿನ ಮೇಲೆ ಬಾಗಿದ ಹಲಸಿನ ಕೊಂಬೆ ಕಡಿಸಿದಾಗಲೂ ಇದೇ;
ಮುರಿದ ಕೊಂಬೆ ಗಾಳಿಯಲ್ಲಿ ಒಮ್ಮೆ ಯೋಚಿಸಿ
ಮೆಲ್ಲನೆ ಅಂಗಳಕ್ಕೆ ಇಳಿಯಿತು.
ಒಂದು ಹಂಚು ಹೋಯಿತು, ಅದು ನನ್ನ ಗಂಡನ ತಪ್ಪು.
ಅವರ ಗಂಟಿಗೆ ಬ್ರಹ್ಮಗಂಟು ಅಂತ ನಾನಿಟ್ಟ ಹೆಸರು:
ಹಿಡಿಯಬೇಕಾದಾಗ ಜಾರುತ್ತದೆ,
ಬಿಚ್ಚಬೇಕಾದಾಗ ಕತ್ತಿಯೇ ಬೇಕು.
ಬಟ್ಟೆ ಒಣಗಿಸುವ ಹಗ್ಗ ಮಳೆಗೆ ನೆನೆದು ಕಲ್ಲಾದರೂ
ನನ್ನದರ ಬೆನ್ನನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಮಡಚಿದರೆ ಸಾಕು,
ಬಾಯಿ ಬಿಡುತ್ತದೆ.

ನೈಲಾನ್ ಒಂದನ್ನು ಮಾತ್ರ ನಂಬುವುದಿಲ್ಲ.
ಅದಕ್ಕೆ ಗೇಣುದ್ದ ಬಾಲ ಬಿಡುತ್ತೇನೆ.

ಈ ಸಲ ಮೇ ತಿಂಗಳಲ್ಲಿ
ಬಾವಿಯ ಕೆಸರು ತೆಗೆಯಲು ಕುಂಞಂಬು ಬಂದ.
ಹದಿನಾಲ್ಕು ಕೋಲು ಆಳ.
ಸೊಂಟದ ಹಗ್ಗ ನಾನೇ ಕಟ್ಟಿಟ್ಟಿದ್ದೆ.
ಹೆಂಗಸು ಹಾಕಿದ ಗಂಟು ನಂಬಿ ಇಳಿಯುವವನಲ್ಲ ಅವನು;
ಬಿಚ್ಚಲು ಕೈ ಹಾಕಿದವ ನಿಂತ.
ತಿರುಗಿಸಿ ನೋಡಿದ. ಎರಡು ಸಲ ಜಗ್ಗಿದ.
ಅಂದುಂಞಿಯದ್ದಾ? ಅಂದ.
ಹೌದು, ಅಂದೆ.

ಬೀಡಿ ನಂದಿಸಿ, ಕಿವಿಗೆ ಸಿಕ್ಕಿಸಿ,
ಕುಣಿಕೆಯನ್ನು ಕಾಲಿನಿಂದ ಸೊಂಟಕ್ಕೆ ಏರಿಸಿ,
ಕಟ್ಟೆ ದಾಟಿದ.

ಆಮೇಲೆ ಕತ್ತಲೊಳಗಿಂದ ಬಂದದ್ದು ಒಂದೇ ಮಾತು:
ಬಿಡು,
ಇನ್ನೂ ಬಿಡು.