ತಲೆ ಎಣಿಕೆ

ವರ್ಷವಿಡೀ ಹದಿನೇಳು ಮಕ್ಕಳನ್ನು ಹೊರುವ ಹಳದಿ ವ್ಯಾನು.
ಹಿಂದಿನ ಎರಡು ಸೀಟು ಬಿಚ್ಚಿ ಕೇಸರೆಯ ಮನೆಗೋಡೆಗೆ ಒರಗಿಸಿ
ಹಾಸಿಗೆ ಸುರುಳಿ, ಐದು ಕೆಜಿ ಸಿಲಿಂಡರು, ಹುಚ್ಚೆಳ್ಳು ಪುಡಿಯ ಡಬ್ಬಿ,
ಅತ್ತೆಯ ಎಲೆಯಡಿಕೆ ಚೀಲ,
ಮಗನ ಬ್ಯಾಟು, ಮೂರು ವಿಕೆಟ್ಟು ತುಂಬಿದೆವು.
ದಸರಾ ನೋಡಲು ಜನವೆಲ್ಲ ಊರಿಗೆ ನುಗ್ಗುವ ಬೆಳಗ್ಗೆ
ನಾವು ಎದುರು ದಿಕ್ಕಿಗೆ, ಕೆ.ಆರ್. ನಗರದ ರಸ್ತೆಗೆ.

ಪ್ರತಿ ಹಂಪಿಗೂ ಮೊದಲು
"ಭದ್ರ ಹಿಡ್ಕೊಳ್ಳಿ ಮಕ್ಕಳೇ" ಅಂದೆ.
"ಯಾರಿಗ್ರೀ ಹೇಳ್ತಾ ಇರೋದು?" ಜಯಶೀಲ ನಕ್ಕಳು.

ಚುಂಚನಕಟ್ಟೆಯಲ್ಲಿ ಎಂಜಿನ್ ಆರಿಸಿದೆ. ಆರಲಿಲ್ಲ.
ಕೀಲಿ ಇನ್ನೊಮ್ಮೆ ತಿರುಗಿಸಿ ನೋಡಿದೆ.
ಆಮೇಲೆ ಗೊತ್ತಾಯಿತು, ಅದು ನೀರು.
ಅಲ್ಲಿ ಇಳಿಯಬಾರದು, ಬೋರ್ಡಿದೆ.
ಬಂಡೆಯ ಮೇಲೆ ಕೂತು ತುಂತುರಿಗೆ ಮುಖ ಕೊಟ್ಟೆವು, ಅಷ್ಟೇ.
ರಾಮನ ಗುಡಿಯೊಳಗೆ ನಿಂತರೆ ಈ ಭೋರ್ಗರೆತ ಕೇಳುವುದಿಲ್ಲವಂತೆ.
ಹೋಗಿ ನಿಂತೆ.
ಕೇಳಲಿಲ್ಲ. ಯಾಕೋ ಬೆನ್ನು ತಣ್ಣಗಾಯಿತು,
ತೀರ್ಥ ಕೂಡ ತಕ್ಕೊಳ್ಳದೆ ಹೊರಗೆ ಬಂದೆ.

ರಾತ್ರಿ ಹಿಟ್ಟಿನ ಕೋಲು ಮರೆತದ್ದು ನೆನಪಾಯಿತು.
ಅತ್ತೆ ಚೆನ್ನಾಜಮ್ಮ ವಿಕೆಟ್ಟನ್ನು ಕಾವೇರಿಯಲ್ಲಿ ತೊಳೆದು
ಅದರಲ್ಲೇ ತೊಳಸಿದರು.
ಬಿಸಿ ಮುದ್ದೆಗೆ ಬೆರಳಿಟ್ಟು ಮಗ ಕೂಗಿದ: "ಔಟ್!"
ಬಾಗಿಲು ತೆರೆದಿಟ್ಟು ಮಲಗಿದೆವು, ಕಾಲುಗಳೆಲ್ಲ ಹೊರಗೆ.
ವ್ಯಾನಿನೊಳಗೆ ಇನ್ನೂ ಟಿಫಿನ್ ಬಾಕ್ಸಿನ ವಾಸನೆ,
ನಿಂಬೆಹುಳಿ ಚಿತ್ರಾನ್ನದ್ದು.

ಮಾರನೆ ದಿನ ಬಲಮುರಿ.
ಕಟ್ಟೆಯ ಮೇಲಿಂದ ನೀರು, ಯಾರೋ ನಿಧಾನಕ್ಕೆ
ಮುಗಿಯದ ಚಾಪೆ ಬಿಚ್ಚುತ್ತಿರುವ ಹಾಗೆ.
ನನಗೆ ಈಜು ಬಾರದು.
ದಡದಲ್ಲಿ ಕೂತು ಚಪ್ಪಲಿ, ಫೋನು, ಅತ್ತೆಯ ಕನ್ನಡಕ ಕಾದೆ.
ಎಣಿಸುವುದು ನನ್ನ ಚಾಳಿ.
ಶಾಲೆ ಗೇಟಿನಲ್ಲಿ, ಸಿಗ್ನಲ್ಲಿನ ಕೆಂಪಿನಲ್ಲಿ, ಕನ್ನಡಿಯೊಳಗೆ.
ಇಂಚರ, ಮೋಹಿತ, ಜಯಶೀಲ.
ಒಂದು, ಎರಡು, ಮೂರು.
ಒಂದು, ಎರಡು, ಮೂರು.
ಒಂದು, ಎರಡು.

ಒಂದು.
ಎರಡು.

ನಿನ್ನೆ ಗುಡಿಯೊಳಗಿದ್ದ ಆ ನಿಶ್ಶಬ್ದ
ಇಷ್ಟು ದೂರ ನನ್ನ ಹಿಂದೆಯೇ ಬಂದಿತ್ತು.

ಸೊಂಟದ ತನಕ ನೀರು. ಯಾವಾಗ ಇಳಿದೆನೋ.
ಕೈಯಲ್ಲಿ ಅತ್ತೆಯ ಕನ್ನಡಕ.
ಅಷ್ಟು ದೂರದ ಬಂಡೆಯ ಪಕ್ಕ
ಕೂದಲು ಮುಖಕ್ಕಂಟಿ, ಬಾಯಿಂದ ನೀರು ಚಿಮ್ಮಿಸುತ್ತ
ಎದ್ದು ಬಂದಳು,
ನಾನು ಮದುವೆಯಾಗಿರದ ಹುಡುಗಿಯೊಬ್ಬಳು.

"ಬನ್ನೂರು ನಾಲೇಲಿ ಎಮ್ಮೆ ಬಾಲ ಹಿಡ್ಕೊಂಡು ಕಲ್ತಿದ್ದು,
ಇನ್ನೂ ಮರ್ತಿಲ್ಲ ಕನ್ರೀ!"
"ಹೇಳೇ ಇಲ್ವಲ್ಲ ನೀನು, ಹದಿನಾಲ್ಕು ವರ್ಷ?"
"ನೀವು ನೀರಿಗೆ ಯಾವತ್ತು ಕರ್ಕೊಂಡ್ ಬಂದಿದ್ರಿ?"
ದಡದಿಂದ ಅತ್ತೆ: "ಕನ್ನಡಕ ಕೊಡಪ್ಪ ಮೊದ್ಲು,
ಯಾರು ಮುಳುಗ್ತಾವ್ರೆ ಅಂತ ನೋಡ್ಬೇಕು."

ಆಮೇಲೆ ನನ್ನ ಬೆನ್ನಡಿ ಅವಳ ಎರಡು ಅಂಗೈ.
"ತಲೆ ಬುಡಿ. ತಲೆ ಎತ್ಕೊಂಡಿದ್ರೆ ಮುಳುಗ್ತೀರ."
ಇಂಚರ ಕಾಲು ಹಿಡಿದಳು. ಮಗ ಸುಮ್ಮನೆ ನೀರೆರಚಿದ.
ತಲೆ ಬಿಟ್ಟೆ.
ಕಿವಿ ತುಂಬ ಹೊಳೆ, ಮೇಲೆ ಒಂದು ಬೆಳ್ಳಕ್ಕಿ,
ಅದನ್ನೂ ಎಣಿಸಲಿಲ್ಲ.
ಅಂಗೈ ಯಾವಾಗ ಜಾರಿಸಿದಳೋ, ಕೇಳಿದರೆ ಹೇಳುತ್ತಿಲ್ಲ.

ಶಾಲೆ ಶುರುವಾದ ದಿನ
ಯುಕೆಜಿಯ ಜೋಯಾ ಸೀಟಿನಡಿಯಿಂದ ಕಲ್ಲೊಂದು ಎತ್ತಿದಳು,
ನುಣ್ಣಗೆ, ಬೋಂಡದಷ್ಟು.
"ಅಂಕಲ್, ಇದು ಯಾರ್ದು?"
"ಹೊಳೇದು. ಇಟ್ಕೋ."
"ವ್ಯಾನು ಯಾಕೆ ಮೀನು ವಾಸನೆ?"
"ಭದ್ರ ಹಿಡ್ಕೋ" ಅಂದೆ. ಹಂಪು ಇರಲಿಲ್ಲ.

ಕನ್ನಡಿಯಲ್ಲಿ ಹದಿನೇಳು.
ಮತ್ತೊಮ್ಮೆ ಎಣಿಸಲು ಕತ್ತು ವಾಲಿಸಿದಾಗ
ಎಡಗಿವಿಯಿಂದ ಬೆಚ್ಚಗೆ
ಒಂದು ಹನಿ ಬಲಮುರಿ
ಅಂಗಿಯ ಕಾಲರಿಗೆ ಇಳಿಯಿತು.