ಎಡಗೈ ಮಚ್ಚು

ಬೆಂಕಿಗೆರೆ ಕಡಿಯಲು ಇಲಾಖೆ ಕೊಟ್ಟ ಮಚ್ಚು
ಮೊದಲ ದಿನವೇ ನನ್ನ ಮಾತು ಕೇಳಲಿಲ್ಲ.
ಲಂಟಾನದ ಬುಡಕ್ಕೆ ಬೀಸಿದರೆ ಜಾರಿ
ಕಲ್ಲಿಗೆ ಹೋಗಿ ಮೂತಿ ಮುರಿದುಕೊಂಡಿತು.
ಜೊತೆಯ ವಾಚರುಗಳು ನಕ್ಕರು:
ಎಡಚಿ, ನಿನ್ನ ಮೇಲೆ ಕುಡುಗೋಲಿಗೂ ಮುನಿಸು, ಕತ್ತರಿಗೂ ಮುನಿಸು.
ಪಾಲಯ್ಯ ಮಾತ್ರ ಮಚ್ಚು ಈಸಿಕೊಂಡು
ಬಾಯಿಯ ಮೇಲೆ ಉಗುರು ಎಳೆದು ನೋಡಿ
'ತಪ್ಪು ನಿಂದಲ್ಲ ಕಣವ್ವ, ಸಾಣೇದು' ಅಂದ.

ಭಾನುವಾರ ದುರ್ಗಕ್ಕೆ ಇಳಿದೆವು.
ಹಳೇ ಹೆದ್ದಾರಿಯ ಅಂಚು, ಪಂಚರ್ ಅಂಗಡಿಯ ಬೆನ್ನಿಗೆ
ಮೌನಾಚಾರಿಯ ಕುಲುಮೆ.
ಹೆಸರಷ್ಟೇ ಮೌನ, ಬಾಯಿ ಮುಚ್ಚಿದ್ದು ಕಾಣೆ.
'ಇದು ಲಾರಿ ಪಟ್ಟೆ.
ಈರುಳ್ಳಿ ಹೊತ್ತು, ಕಲ್ಲು ಹೊತ್ತು, ಪುಣೆ ಕಂಡು
ಬಗ್ಗಿ ಬಗ್ಗಿ ಎದ್ದ ಉಕ್ಕು.
ಸಂತೇಲಿ ಹೊಳೀತಾವಲ್ಲ, ಅವು ಗೋಡೆಗೆ ಚೆಂದ.'

ಹತ್ತೆಂಟು ಮಚ್ಚು ಗೋಣಿಯ ಮೇಲೆ ಸುರಿದ.
ಪಾಲಯ್ಯ ಒಂದೊಂದನ್ನೂ ಬೆರಳ ಮೇಲೆ ತೂಗಿಸಿ
ಅಡಿಗಲ್ಲಿಗೆ ಮೆಲ್ಲಗೆ ತಟ್ಟಿ ಕಿವಿಗೊಟ್ಟ,
ಗಡಿಗೆ ಕೊಳ್ಳುವ ಹೆಂಗಸಿನ ಹಾಗೆ.
ಒಂದು ಠಣ್ ಅಂತು. ಒಂದು, ನೆಗಡಿಯಾದವರಂತೆ, ಠಪ್.
ಠಪ್ ಅಂದದ್ದರೊಳಗೆ ಕಾಣದ ಬಿರುಕು.
ಮೂತಿ ಭಾರದ್ದು ಮಧ್ಯಾಹ್ನಕ್ಕೆ ತೋಳು ತಿನ್ನುತ್ತದೆ,
ತೀರಾ ಹಗುರದ್ದಕ್ಕೆ ನೀನೇ ತೂಕ ಕೊಡಬೇಕು,
ಮೊಳಕ್ಕಿಂತ ಉದ್ದ ಯಾಕೆ, ಪೊದೆಯೊಳಗೆ
ಕೈ ಹಿಂದೆಳೆಯಲು ಜಾಗವೆಲ್ಲಿ?
ಎಲ್ಲವಕ್ಕೂ ಇಳಿಜಾರು ಒಂದೇ ಮಗ್ಗುಲಿಗೆ.
ಬಲಗೈಯವರ ಲೆಕ್ಕ.

ಮೌನಾಚಾರಿ ಕೆನ್ನೆ ಕೆರೆದ.
'ಇನ್ನೊಂದು ಮಗ್ಗುಲಿಗೆ ಹಿಡಿದುಕೊಡು ಅಂತ
ನಮ್ಮಪ್ಪನ ಕಾಲದಿಂದ ಯಾರೂ ಕೇಳಿಲ್ಲ.'
ಕೇಳಿಲ್ಲ ಅಂದರೆ,
ಈ ಸೀಮೆಯಲ್ಲಿ ಎಡಚರು ಹುಟ್ಟಲೇ ಇಲ್ಲವೆ?
ಹುಟ್ಟಿ, ಬಾರದ ಕೈಯಲ್ಲೇ ಸೌದೆ ಒಡೆದು ಸತ್ತರೆ?
ಉಣ್ಣುವಾಗ ಅವ್ವ ಹೊಡೆದ ಸೌಟು
ಮಣಿಕಟ್ಟಿನಲ್ಲಿ ಮತ್ತೆ ಚುರುಗುಟ್ಟಿತು.

ತಿದಿ ನಾನೇ ಒತ್ತಿದೆ; ತಿದಿಗೆ ಎಡಬಲದ ಮಡಿಯಿಲ್ಲ.
ಕೆಂಡದ ಬಣ್ಣದಲ್ಲಿ ಎಣ್ಣೆಗದ್ದಿ
ಮತ್ತೆ ಹದವಾಗಿ ಕಾಸಿ, ಬಾಯಿಗೆ ಒಣಹುಲ್ಲಿನ ಬಣ್ಣ
ಬಂದದ್ದೇ ತಡ, ನಿಲ್ಲಿಸಿದ. ಆಗ ಮಾತ್ರ ಸುಮ್ಮನಿದ್ದ.
ಸಾಣೆಗೆ ಹಿಡಿದಾಗ ಕಿಡಿಗಳು
ಎಂದೂ ಹಾರದ ಕಡೆಗೆ ಹಾರಿ
ಪಂಚರ್ ಅಂಗಡಿಯ ನಾಯಿ ಎದ್ದು ಓಡಿತು.

'ನೆಲಮಟ್ಟಕ್ಕೆ ಕಡಿ' ಅನ್ನುತ್ತಿದ್ದ ಪಾಲಯ್ಯ ಜೋಗಿಮಟ್ಟಿಯಲ್ಲಿ,
'ಚೂಪು ಮೋಟು ಬಿಟ್ಟೀಯ, ನಾಳೆ ಬೆಂಕಿ ಬಡಿಯಾಕೆ
ಓಡೋನ ಪಾದಕ್ಕೆ ಅದು ಈಟಿ.
ಕೊಂಬೆ ಬಗ್ಗಿಸಿ ಹಿಡಿ, ಬಿಗಿದ ಮಗ್ಗುಲಿಗೆ ಓರೆಯಾಗಿ ಕೊಡು,
ಅರ್ಧ ಕೆಲಸ ಅದೇ ಮಾಡ್ಕಂತದೆ. ಸಿಟ್ಟು ಬಂದ್ರೆ
ಮಚ್ಚು ಕೆಳಗಿಡು, ನೀರು ಕುಡಿ.'

ಆಷಾಢದ ಒಂದು ಸಂಜೆ ಮಂಜು ಇಳಿದು
ದಾರಿ ಅಳಿಸಿತು. ಗಾಳಿಯಂತ್ರದ ಸದ್ದಿತ್ತು,
ಯಂತ್ರವಿರಲಿಲ್ಲ. ನಡೆಯಲಿಲ್ಲ ನಾನು, ಕೂತೆ.
ನಿಂತೇ ಸತ್ತಿದ್ದ ಕಮರದ ಕೊಂಬೆ ಕೆಡವಿ,
ತೊಯ್ದ ತೊಗಟೆ ಕೆತ್ತಿ, ನಡು ಸೀಳಿದೆ:
ಒಳಗೆ ಬೇಸಿಗೆ ಇನ್ನೂ ಹಾಗೇ ಇತ್ತು.
ಸಿಪ್ಪೆ ಸಿಪ್ಪೆಯಾಗಿ ಹೆರೆದು ಬೆಂಕಿ ಎಬ್ಬಿಸಿದೆ.
ನಡುರಾತ್ರಿ ಪೊದೆಯಾಚೆ ಕರಡಿ ಉಸಿರು.
ಮಚ್ಚು ಎತ್ತಲಿಲ್ಲ. ಅಡ್ಡ ಮಗ್ಗುಲಿಂದ ಬಂಡೆಗೆ ಬಡಿದೆ
ಠಣ್, ಠಣ್,
ಕುಲುಮೆಯಲ್ಲಿ ಆರಿಸಿದ ಅದೇ ಸದ್ದು.
ಉಸಿರು ದೂರ ಹೋಯಿತು. ಅಥವಾ ಅದು ಗಾಳಿಯೇನೋ.

ಬೆಳಿಗ್ಗೆ ಹೊಗೆ ಹಿಡಿದು ಬಂದ ಪಾಲಯ್ಯ,
ಬಯ್ಯಲಿಲ್ಲ. ಚಾ ಕಾಸಲು ಸೌದೆ ಬೇಕೆಂದು
ನನ್ನ ಮಚ್ಚು ಕೇಳಿ ತಗೊಂಡು
ತನ್ನ ಬಲಗೈಯಿಂದ ಬೀಸಿದ.
ಜಾರಿತು. ಮಣ್ಣು ಹಾರಿ ಅವನ ಮೀಸೆಗೆ ಕೂತಿತು.
ನಾನು ನಕ್ಕೆ,
ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ.