ತಿಲಕನಿಗೆ, ನೆಲಮಂಗಲ ಟೋಲಿನಲ್ಲಿ

ಏಳು ಮಾರಾಯ, ಟೋಲ್ ಬಂತು.
ಮುಖಕ್ಕೆ ನೀರು ಹಾಕು, ಐಸಿನದ್ದು ಬೇಡ, ಬಾಟಲಿಯದ್ದು.
ಇನ್ನರ್ಧ ಗಂಟೆಯಲ್ಲಿ ಬೆಂಗಳೂರು.
ಹೊಟ್ಟೆಯ ವಿಷಯ ಈಗಲೇ ಹೇಳಿಬಿಡ್ತೇನೆ,
ಅಲ್ಲಿ ಇಳಿದ ಮೇಲೆ ಬಾಯಿಗೆ ಪುರುಸೊತ್ತಿಲ್ಲ.

ಮೊದಲು ಚಾ.
ಶಿವಾಜಿನಗರದ ಮಾರ್ಕೆಟಿನ ಹಿಂದೆ
ಹಸೈನಾರ್ ಕಾಕನ ಗೂಡಂಗಡಿ, ನಾಲ್ಕಕ್ಕೇ ಸ್ಟೌ ಉರೀತದೆ.
ನಿನ್ನ ಕೈಯಿಡೀ ಬೂತಾಯಿಯ ಹುರುಪೆ ಅಂಟಿರ್ತದೆ.
ಕಾಕ ಗ್ಲಾಸು ಕೈಗೆ ಕೊಡುವುದಿಲ್ಲ, ಕ್ರೇಟಿನ ಮೇಲೆ ಇಡ್ತಾನೆ.
ಹೇಸಿಗೆಯಿಂದ ಅಲ್ಲ.
ನನ್ನ ಕೈಯಿಂದ ಮೂರು ಸಲ ಜಾರಿ ಒಡೆದಿದೆ.

ಆಮೇಲೆ ತಿಂಡಿ.
ಊರಿಡೀ ನಮ್ಮ ಕಡೆಯವರದ್ದೇ ಹೋಟೆಲು
ಎಂದು ಹೇಳಿ ಕಳಿಸಿರ್ತಾರೆ ನಿನ್ನಮ್ಮ.
ಬೋರ್ಡಿನಲ್ಲಿ ಉಡುಪಿ ಇದ್ದರೆ
ಒಳಗೂ ಉಡುಪಿ ಇರಬೇಕೆಂದು ಇಲ್ಲ.
ಗಲ್ಲೆಯಲ್ಲಿ ಕೂತವನು ನಿನ್ನ ನೋಟನ್ನು
ಎರಡೇ ಬೆರಳಲ್ಲಿ ಹಿಡಿದು ಫ್ಯಾನಿನ ಕಡೆ ತಿರುಗಿಸ್ತಾನೆ.
ಬೇಜಾರು ಬೇಡ. ಒಣಗಲಿ.
ಫೋನಿನಲ್ಲಿ ಹೊಡೆದರೆ ಇನ್ನೂ ಒಳ್ಳೆಯದು,
ಆ ದುಡ್ಡಿಗೆ ವಾಸನೆ ಇಲ್ಲ.
ಕೂರುವ ಕಡೆ ಹೋಗಬೇಡ, ನಿಂತು ತಿನ್ನು.
ನಿಂತವರ ನಡುವೆ ವಾಸನೆಯ ಯಜಮಾನ ಯಾರೆಂದು
ಯಾರಿಗೂ ಗೊತ್ತಾಗುವುದಿಲ್ಲ.

ಖಾಲಿ ದೋಸೆ ಹೇಳು. ಖಾಲಿ ಅಂತ ಹೆಸರು ಮಾತ್ರ,
ಮಧ್ಯಾಹ್ನದವರೆಗೆ ಹೊಟ್ಟೆಗೆ ಹಿಡಿಯುತ್ತದೆ.
ಸಾಂಬಾರಿಗೆ ಬೆಲ್ಲ ಹಾಕಿದ್ದೀರಾ ಅಂತ ಜಗಳ ತೆಗೆಯಬೇಡ.
ಕಾಫಿ ಬೈಟು ಬೇಡ.
ರಾತ್ರಿಯಿಡೀ ಶಿರಾಡಿ ಹತ್ತಿದವನು
ಅರ್ಧ ಗ್ಲಾಸಿಗೆ ಎಚ್ಚರ ಆಗುವುದಿಲ್ಲ.

ಕುಡಿಯುವುದಾ?
ಕೇಳ್ತಿ ಅಂತ ಗೊತ್ತಿತ್ತು.
ಗೊರಗುಂಟೆಪಾಳ್ಯದಲ್ಲಿ ಲಾರಿಯವರ ಒಂದು ಬಾರ್ ಉಂಟು,
ಬೆಳಿಗ್ಗೆಯೇ ಶಟರ್ ಮೊಣಕಾಲಿನವರೆಗೆ ಎತ್ತಿರ್ತದೆ.
ಬಗ್ಗಿ ಒಳಗೆ ಹೋದವರು ಬಗ್ಗಿಯೇ ಹೊರಗೆ ಬರ್ತಾರೆ.
ನಿನಗಿಂತ ಮೊದಲು ಆ ಸೀಟಿನಲ್ಲಿ ಇದ್ದವನು, ಯತಿರಾಜ,
ಕುಣಿಗಲ್ ದಾಟಿ...
ಬೇಡ, ಅದು ಮತ್ತೊಮ್ಮೆ.
ನೀನು ಎಳನೀರು ಕುಡಿ. ಮದ್ದೂರಿನದ್ದು.
ನಮ್ಮದಕ್ಕಿಂತ ಸಿಹಿ.
ಊರಲ್ಲಿ ಇದನ್ನು ಬಾಯಿ ಬಿಡಬೇಡ.

ಊಟಕ್ಕೆ ಮಾತ್ರ ನನ್ನ ಜೊತೆಗೇ ಬಾ.
ಯಶವಂತಪುರದಲ್ಲಿ, ಪಂಕ್ಚರ್ ಅಂಗಡಿಯ ಮಾಳಿಗೆ,
ಬೋರ್ಡಿಲ್ಲ, ಮೆಟ್ಟಿಲ ಮೇಲಿನ ಚಪ್ಪಲಿಯೇ ಬೋರ್ಡು.
ಹೆಜಮಾಡಿಯ ಜಲಜಕ್ಕ. ಕುಚ್ಚಲಕ್ಕಿ ಅನ್ನ,
ಬಂಗುಡೆ ಪುಳಿಮುಂಚಿ.
ನಾವೇ ತಂದದ್ದು, ನಾವೇ ದುಡ್ಡು ಕೊಟ್ಟು ತಿನ್ನುವುದು.
ಕಿವಿರು ಎತ್ತಿ, 'ನಿನ್ನೆಯದ್ದಾ, ಮೊನ್ನೆಯದ್ದಾ?' ಎಂದು ಕೇಳ್ತಾಳೆ.
ಸತ್ಯ ಹೇಳು.
ಪೊಲೀಸರಿಗೆ ಹೇಳದಿದ್ದರೂ ನಡೀತದೆ.

ಹೋದ ತಿಂಗಳು ಇಪ್ಪತ್ತೊಂಬತ್ತನೇ ತಾರೀಕು,
ನರ್ಸ್ ಯೂನಿಫಾರ್ಮಿನ ಒಂದು ಹುಡುಗಿ ಬಂದಳು.
ನಾಲ್ಕು ಬೆಂಚು ಖಾಲಿ ಇತ್ತು.
ನಾನು ಅಂಗಿ ಸಹ ಬದಲಿಸಿರಲಿಲ್ಲ,
ಗೋಡೆಯ ಕಡೆಗೆ ಸರಿದು ಕೂತೆ.
ಅವಳು ನನ್ನ ಪಕ್ಕಕ್ಕೇ ಬಂದು ಕೂತಳು.
'ಮಲ್ಪೆಯಾ?'
'ಹೌದು.'
ಮತ್ತೆ ಮಾತಿಲ್ಲ.
ಅವಳ ತಟ್ಟೆಯಲ್ಲಿ ಗಂಜಿ, ಚಿಟಿಕೆ ಉಪ್ಪು, ಒಂದು ಒಣಮೆಣಸು.
ಮೀನು ಹೇಳಿರಲಿಲ್ಲ.
ಒಂದು ತುತ್ತು ಬಾಯಿಗಿಟ್ಟು, ಮೂಗಿನಲ್ಲಿ ಉಸಿರೆಳೆದು,
ಮತ್ತೆ ಒಂದು ತುತ್ತು.
ಆಮೇಲೆ ನನಗೆ ಅಂದಾಜಾಯಿತು,
ಅವಳು ನಂಜಿಕೊಳ್ತಾ ಇದ್ದದ್ದು ನನ್ನ ಅಂಗಿಯನ್ನು.

ನನ್ನ ಊಟ ಯಾವಾಗಲೋ ಮುಗಿದಿತ್ತು.
ಕೈ ಒಣಗಿತು.
ಅವಳದ್ದು ಮುಗಿಯುವವರೆಗೆ ಎದ್ದಿಲ್ಲ.

ಏನು ನೋಡ್ತಿ? ಗೇಟು ಎತ್ತಿದರು.
ತಲೆ ಹೊರಗೆ ಹಾಕಿ ಹಿಂದೆ ನೋಡು,
ನೀರು ಸೋರ್ತಾ ಉಂಟಾ,
ರಸ್ತೆಯ ಮೇಲೆ?